ಕಿವಿ ಚುಚ್ಚಿಸುವ ಮುನ್ನ

ನಮ್ಮ ಹೊಸೂರು, ಕೃಷ್ಣಗಿರಿ ಕಡೆಯ ಮನೆಗಳಲ್ಲಿ ಮಗುವಿಗೆ ಕಿವಿ ಚುಚ್ಚಿಸುವುದೆಂದರೆ ಒಂದು ಸಣ್ಣ ಹಬ್ಬವೇ ಸರಿ. ಮುಡಿ ಕೊಡಿಸಿ, ಸೋದರಮಾವನ ತೊಡೆಯ ಮೇಲೆ ಕೂರಿಸಿ, ಅಕ್ಕಸಾಲಿಗರಿಂದ ಚುಚ್ಚಿಸುತ್ತೇವೆ. ಕನ್ನಡದವರಲ್ಲಿಯೂ ತಮಿಳರಲ್ಲಿಯೂ ಈ ಪದ್ಧತಿ ಉಂಟು. ಹಿಂದಿನವರು ಇದನ್ನು ಕರ್ಣವೇಧವೆಂದು ಕರೆದು ಸಂಸ್ಕಾರಗಳಲ್ಲಿ ಸೇರಿಸಿದ್ದಾರೆ.

ಮಾವ ತಂದ ಓಲೆಯ ತೂಕವನ್ನು ಎಲ್ಲರೂ ಕೇಳುತ್ತೇವೆ. ಸೂಜಿ ಹೊಸದೇ ಎಂದು ಕೇಳುವವರು ಕಡಿಮೆ. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಮತ್ತೊಬ್ಬರಿಗೆ ಬಳಸಿದರೆ ಹೆಪಟೈಟಿಸ್-ಬಿ, ಏಡ್ಸ್ ಮೊದಲಾದ ರೋಗಗಳ ವೈರಾಣು ರಕ್ತದ ಮೂಲಕ ಹರಡಬಹುದು. ಬಟ್ಟೆಯಿಂದ ಒರೆಸಿದ ಮಾತ್ರಕ್ಕೆ ಅದು ಹೋಗದು. ಪೊಟ್ಟಣ ಒಡೆಯದ ಹೊಸ ಸೂಜಿಯೇ ಬೇಕು. ಚುಚ್ಚುವವರು ಸೋಪು ಹಚ್ಚಿ ಕೈ ತೊಳೆದಿರಬೇಕು. ಧನುರ್ವಾಯು ಬಾರದಂತೆ 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಟಿ.ಡಿ. ಲಸಿಕೆಯನ್ನು ನಾವು ತಪ್ಪಿಸಬಾರದು.

ಕಿವಿಯ ಹಾಲೆಯ ಗಾಯ ಮಾಯಲು ಸುಮಾರು 6 ವಾರ ಬೇಕು. ಈಗ ಕೆಲವರು ಕಿವಿಯ ಮೇಲ್ಭಾಗದಲ್ಲಿಯೂ ಚುಚ್ಚಿಸುತ್ತಾರೆ. ಅಲ್ಲಿರುವುದು ಮೆದುಮೂಳೆ, ಅಲ್ಲಿ ಮಾಯಲು ತಿಂಗಳುಗಳೇ ಹಿಡಿಯುತ್ತವೆ, ಕೀವು ತುಂಬಿದರೆ ಕಿವಿಯ ಆಕಾರವೇ ಕೆಡಬಹುದು. ಎಲ್ಲಿಯೇ ಚುಚ್ಚಿಸಿದರೂ ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯಬೇಕು. ಸುಣ್ಣ, ಬೂದಿ ಹಚ್ಚಬಾರದು. ಕೊಳೆಗೈಯಿಂದ ಓಲೆಯನ್ನು ತಿರುಗಿಸಬಾರದು. ಊತ, ಕೀವು, ಜ್ವರ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಮುಂದೆ ತಮ್ಮನಿಗೋ ತಂಗಿಗೋ ಕಿವಿ ಚುಚ್ಚಿಸುವ ದಿನ, "ಸೂಜಿ ಹೊಸದೇ?" ಎಂದು ನಾವೇ ವಿನಯದಿಂದ ಕೇಳೋಣ. ಹಿರಿಯರು ಬೇಸರಪಡಲಾರರು.