ಜಿಮ್ ಅಂದ ಹುಡುಗ

ಜನವರಿ 5, ಭಾನುವಾರ

ಬೆಳಿಗ್ಗೆ ಕ್ಯಾಶುವಾಲ್ಟಿಗೆ ಇಪ್ಪತ್ತನಾಲ್ಕರ ಹುಡುಗ, ಜೊತೆಗೆ ಅಮ್ಮ. "ಜಿಮ್ ಜಾಸ್ತಿ ಆಯ್ತು ಡಾಕ್ಟ್ರೇ, ತೊಡೆ ಮುಟ್ಟೋಕಾಗ್ತಿಲ್ಲ." ನಾಡಿ 130, ಕಣ್ಣಪಾಪೆ ಅಗಲ. ಜಿಮ್ಮಿಗೆ ಕಣ್ಣಪಾಪೆ ಅರಳುವುದಿಲ್ಲ.

ಸಿಸ್ಟರ್ ತಂದ ಮೂತ್ರ ಡಿಕಾಕ್ಷನ್ ಬಣ್ಣ. ಪಟ್ಟಿ ಅದ್ದಿದರೆ ರಕ್ತ ಎಂದಿತು. ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣ ಒಂದೂ ಇಲ್ಲ. ಹಾಗಾದರೆ ಅದು ಮಯೋಗ್ಲೋಬಿನ್, ಒಡೆದ ಸ್ನಾಯುವಿನಿಂದ ಸೋರಿದ್ದು. ಅಮ್ಮನನ್ನು ಬಿಲ್ಲಿಂಗಿಗೆ ಕಳಿಸಿದ ಮೇಲೆ ಬಾಯಿಬಿಟ್ಟ: "ಎಂಡಿ ಅಂತ ಡ್ರಗ್ಸ್ ತಗೊಂಡಿದ್ದೆ. ರಾತ್ರಿಯೆಲ್ಲ ಡ್ಯಾನ್ಸ್. ನೀರು ಕುಡಿದಿರಲಿಲ್ಲ."

ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವ ಸಿಕೆ 9,200. ಸಾಮಾನ್ಯವಾಗಿ 200ರ ಆಸುಪಾಸು ಇರಬೇಕಾದದ್ದು. ಎದೆ ಬಿಗಿ ಎಂದೂ ಹೇಳಿದ, ನಾವು ಕೇಳಿದ ಮೇಲೆ. ಸಿಕೆ-ಎಂಬಿ ಏರಿದ್ದು ನೋಡಿ ಇಂಟರ್ನ್ ಹುಡುಗಿ ಗಾಬರಿಯಾದಳು. ಕೈಕಾಲಿನ ಸ್ನಾಯು ಒಡೆದರೂ ಅದು ಏರುತ್ತದಮ್ಮ, ಹೃದಯದ ವಿಷಯ ಟ್ರೋಪೋನಿನ್ ಹೇಳಲಿ ಎಂದೆ. ಮೊದಲನೆಯದು ಮಿತಿಯೊಳಗೇ ಇತ್ತು. ಮೂರು ಗಂಟೆ ಬಿಟ್ಟು ಮತ್ತೆ ಕಳಿಸಿದ್ದು ಮಿತಿ ದಾಟಿತ್ತು. ಇಸಿಜಿಯಲ್ಲಿ ನಾಡಿಯ ವೇಗ ಬಿಟ್ಟರೆ ಏನೂ ಕಾಣಲಿಲ್ಲ. ಒಂದೇ ಸಲ ನೋಡಿ ಕಳಿಸಿಬಿಡುವವರು ಇಲ್ಲೇ ಎಡವುವುದು.

ಸಲೈನ್ ಜೋರಾಗಿ, ಲೋರಾಜೆಪಾಮ್. ನಾಡಿ ಇಳಿಸಲು ಬೀಟಾ ಬ್ಲಾಕರ್ ಬೇಡ ಎಂದು ಕೇಸ್ ಶೀಟಿನಲ್ಲಿ ದಪ್ಪಕ್ಷರದಲ್ಲಿ ಬರೆದೆ.

ಜನವರಿ 6, ಸೋಮವಾರ

ಹುಡುಗ ಗೆಲುವಾಗಿದ್ದಾನೆ, ಇಡ್ಲಿ ತಿಂದ. ಸಿಕೆ ಮಾತ್ರ 31,000. ನೋವು ಇಳಿದರೂ ಅಂಕಿ ಒಂದರಿಂದ ಮೂರು ದಿನ ಏರುತ್ತಲೇ ಇರುತ್ತದೆ, ಕೆಡುವುದು ಮೂತ್ರಪಿಂಡ. ಗಂಟೆಗೆ 200 ಮಿಲಿ ಮೂತ್ರ ಬರಲೇಬೇಕು. ಪೊಟ್ಯಾಸಿಯಂ ಆರು ಗಂಟೆಗೊಮ್ಮೆ. "ಮನೆಗೆ ಹೋಗ್ಲಾ?" ಅಂದ. ಇಲ್ಲಪ್ಪಾ ಅಂದೆ.

ಎಕೋದಲ್ಲಿ ಹೃದಯದ ಬಡಿತ ತುಸು ಸೋತಿದೆ.

ಜನವರಿ 9, ಗುರುವಾರ

ಸಿಕೆ 6,700, ಇಳಿಯುತ್ತಿದೆ. ಮೂತ್ರಪಿಂಡದ ಅಂಕಿ ಕ್ರಿಯೇಟಿನಿನ್ ಕೂಡ ಸರಿಹೋಯಿತು. ಡಿಸ್ಚಾರ್ಜ್ ಹೊತ್ತಿಗೆ ತಾಯಿ ಕೈಹಿಡಿದು, "ಆ ಜಿಮ್ಮಿಗೆ ಇನ್ನು ಹೋಗ್ಬೇಡ ಅಂತ ನೀವೇ ಹೇಳಿ ಡಾಕ್ಟರಮ್ಮ" ಅಂದರು. ಅವನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ.

ಆರು ವಾರಕ್ಕೆ ಇನ್ನೊಂದು ಎಕೋ ಬರೆದಿದ್ದೇನೆ. ಎಂಡಿ ನಿಲ್ಲಿಸಿದರೆ ಇಂಥ ಹೃದಯ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಮುಂದುವರಿಸಿದರೆ ಇಲ್ಲ ಎಂದು ಅವನೊಬ್ಬನಿಗೇ ಹೇಳಿದ್ದೇನೆ. ಅಮ್ಮನಿಗೆ ಹೇಳುವುದು ಅವನ ಕೆಲಸ, ನನ್ನದಲ್ಲ.