ಅಂಕಲ್‌ಗೆ ಮೂರನೇ ಔಷಧ

ಗೆಳೆಯನ ಅಪ್ಪನಿಗೆ ರಕ್ತ ಬೇಕು ಅಂದಾಗ ಹಾಸ್ಟೆಲ್ಲಿನಿಂದ ನಾವು ಮೂವರು ಹೋದೆವು. ಬ್ಲಡ್ ಬ್ಯಾಂಕಿನವರ ಮೊದಲ ಪ್ರಶ್ನೆ ನಮ್ಮ ಬಗ್ಗೆ ಆಗಿರಲಿಲ್ಲ. "ಪೇಶೆಂಟ್‌ಗೆ ಡಾರಾಟುಮುಮಾಬ್ ಶುರು ಆಗಿದ್ಯಾ?" "ನಾಳೆ" ಅಂದ ಗೆಳೆಯ. "ಹಾಗಾದ್ರೆ ಅವರ ಸ್ಯಾಂಪಲ್ ಇವತ್ತೇ ಕಳ್ಸಿ."

ಯಾಕೆ ಅಂತ ಆಮೇಲೆ ಗೊತ್ತಾಯಿತು. ಅಂಕಲ್‌ಗೆ ಮಲ್ಟಿಪಲ್ ಮೈಲೋಮಾ, ಅಂದರೆ ಅಸ್ಥಿಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಡಾರಾಟುಮುಮಾಬ್ ಒಂದು ಆಂಟಿಬಾಡಿ. ಆ ಕೋಶಗಳ ಮೈಮೇಲಿರುವ ಸಿಡಿ38 ಎಂಬ ಪ್ರೋಟೀನಿಗೆ ಅಂಟಿಕೊಂಡು, 'ಇದನ್ನ ಹೊಡೀರಿ' ಅಂತ ದೇಹದ ರಕ್ಷಣಾ ಪಡೆಗೆ ತೋರಿಸುತ್ತೆ. ಅದೇ ಸಿಡಿ38 ಕೆಂಪು ರಕ್ತಕಣಗಳ ಮೇಲೂ ಚೂರು ಇದೆ. ಹಾಗಾಗಿ ಔಷಧ ಶುರುವಾದ ಮೇಲೆ, ಸರಿಯಾದ ರಕ್ತ ತಂದರೂ ಪರೀಕ್ಷೆಯಲ್ಲಿ ಹೊಂದುತ್ತಿಲ್ಲ ಅಂತ ತೋರಿಸಬಹುದು. ಸೆನ್ಸರ್‌ಗೆ ನಾಯ್ಸ್ ಬಂದ ಹಾಗೆ!

ಬೊರ್ಟೆಜೊಮಿಬ್ ಕೊಟ್ಟು ತಗ್ಗಿದ್ದ ಕಾಯಿಲೆ ಮರಳಿ ಬಂದಿತ್ತು. ಈಗ ಲೆನಾಲಿಡೊಮೈಡ್, ಡೆಕ್ಸಾಮೆಥಾಸೋನ್, ಜೊತೆಗೆ ಈ ಆಂಟಿಬಾಡಿ. "ಎರಡು ಸಾಲ್ದೇನ್ರೋ?" ಅಂತ ಗೆಳೆಯ ಕೇಳಿದ. ಮನೆಯಲ್ಲಿ ಆಗಲೇ ಜಮೀನು ಮಾರುವ ಮಾತು ನಡೆದಿತ್ತು.

ಆ ರಾತ್ರಿ ಕೂತು, 2016ರಲ್ಲಿ ಪ್ರಕಟವಾದ ಪೊಲಕ್ಸ್ ಪ್ರಯೋಗದ ವರದಿ ಓದಿದೆವು. ಕಾಯಿಲೆ ಮರಳಿದ ಅಥವಾ ಹಿಂದಿನ ಚಿಕಿತ್ಸೆಗೆ ಜಗ್ಗದ 569 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ರೂಢಿಯಲ್ಲಿದ್ದ ಎರಡು ಔಷಧ, ಇನ್ನೊಂದಕ್ಕೆ ಅವೆರಡರ ಜೊತೆ ಆಂಟಿಬಾಡಿ. ಯಾರನ್ನೂ ಚಿಕಿತ್ಸೆ ಇಲ್ಲದೆ ಕೂರಿಸಿರಲಿಲ್ಲ. ಬದಲಿಸಿದ್ದು ಒಂದೇ ವೇರಿಯಬಲ್; ಲ್ಯಾಬಿನಲ್ಲಿ ಇದಕ್ಕೇ ಅಲ್ವಾ ನಾವು ಬೈಸಿಕೊಳ್ಳೋದು. 12 ತಿಂಗಳ ಹೊತ್ತಿಗೆ ಕಾಯಿಲೆ ಉಲ್ಬಣಿಸದೆ ಬದುಕಿದ್ದವರು ಮೂರು ಔಷಧದ ಗುಂಪಿನಲ್ಲಿ ಶೇ. 83.2, ಎರಡರದ್ದರಲ್ಲಿ ಶೇ. 60.1. ಬಿಳಿ ರಕ್ತಕಣ ಕುಸಿಯುವ ತೊಂದರೆಯೂ ಮೂರರ ಗುಂಪಿನಲ್ಲೇ ಜಾಸ್ತಿ.

ಫೋನ್ ಮಾಡಲು ಹೊರಟಾಗ ನಮ್ಮಲ್ಲೊಬ್ಬ ತಡೆದ. "ಯಾರನ್ನ ಸೇರಿಸಿಕೊಂಡಿರಲಿಲ್ಲ, ಅದನ್ನ ಓದಿ ಮೊದ್ಲು." ಲೆನಾಲಿಡೊಮೈಡ್‌ಗೆ ಜಗ್ಗದವರನ್ನು ಹೊರಗಿಟ್ಟಿದ್ದರು. ಅಂಕಲ್ ಅದನ್ನು ಇನ್ನೂ ತಗೊಂಡೇ ಇರಲಿಲ್ಲ. ಸಮಾಧಾನವಾಯಿತು, ಫೋನ್ ಮಾಡಿದೆವು.

ಎಲ್ಲ ಕೇಳಿಸಿಕೊಂಡು ಗೆಳೆಯ ಒಂದೇ ಮಾತು ಕೇಳಿದ: "ಅಪ್ಪ ಆ ಎಂಬತ್ತಮೂರರಲ್ಲಿ ಇರ್ತಾರಾ?" ವರದಿಯನ್ನು ಎಷ್ಟು ತಿರುವಿದರೂ ಅದು ಅದರಲ್ಲಿ ಇರಲಿಲ್ಲ. ಡಾಕ್ಟರಿಗೆ ಕೇಳಬೇಕಾದ ನಾಲ್ಕು ಪ್ರಶ್ನೆ ಬರೆದು ಕಳಿಸಿದೆವು, ಅಷ್ಟೇ.

ಮೊದಲ ಡ್ರಿಪ್ ನಿಧಾನವಾಗಿ ಹೋಗಬೇಕು, ಸಂಜೆವರೆಗೂ ಹಿಡಿಯಿತು. ನಾವು ಒಳಗೆ ಹೋದಾಗ ಅಂಕಲ್ ಕಣ್ಣು ಬಿಟ್ಟು ನೋಡಿ, "ಇಂಟರ್ನಲ್ಸ್ ಇಲ್ವೇನ್ರೋ ನಿಮಗೆ?" ಅಂದರು. ಮಾರನೇ ದಿನವೇ ಇತ್ತು.