ತೊಣ್ಣೂರಿನಿಂದ ಬೆಳ್ಗೊಳಕ್ಕೆ: ಸೈಕಲ್ಲಿನ ಹಾದಿಯಲ್ಲಿ ಒಂದು ಶಾಸನ

ಮೈಸೂರಿನಲ್ಲಿ ಸೈಕಲ್ ತುಳಿಯುವವರಿಗೆ ಉತ್ತರ ದಿಕ್ಕಿನ ಬಗೆಗೆ ಒಂದು ಪಕ್ಷಪಾತವುಂಟು. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ, ಪಾಂಡವಪುರದ ಕುಂತಿಬೆಟ್ಟವನ್ನು ಬಳಸಿ ಮುಂದೆ ಸಾಗಿದರೆ ವಾಹನಗಳ ಸದ್ದು ಅಡಗಿ, ಕೆರೆಗಳೂ ಬೋಳುಬಂಡೆಯ ಬೆಟ್ಟಗಳೂ ಒಂದರ ಹಿಂದೊಂದು ಬರತೊಡಗುತ್ತವೆ. ತೊಣ್ಣೂರು, ಮೇಲುಕೋಟೆ, ನಾಗಮಂಗಲ, ಕಂಬದಹಳ್ಳಿ, ಶ್ರವಣಬೆಳ್ಗೊಳ: ಕನ್ನಡ ಸಾಹಿತ್ಯ ಮತ್ತು ಶಾಸನಗಳ ವಿದ್ಯಾರ್ಥಿಗಳಿಗೆ ಇವು ಪಠ್ಯದ ಬೇರೆಬೇರೆ ಅಧ್ಯಾಯಗಳಲ್ಲಿ ಬರುವ ಹೆಸರುಗಳು. ಒಂದು ಶ್ರೀವೈಷ್ಣವದ ಅಧ್ಯಾಯ, ಇನ್ನೊಂದು ಗಂಗರದು, ಮತ್ತೊಂದು ಜೈನರದು. ಸೈಕಲ್ಲಿನ ಮೇಲೆ ಅವು ಒಂದೇ ಸೀಮೆಯ ನೆರೆಯೂರುಗಳು. ಹಲವು ವರ್ಷಗಳಿಂದ ಚಳಿಗಾಲದ ಯಾವುದಾದರೂ ಎರಡು ರಜೆಯ ದಿನಗಳಲ್ಲಿ ಈ ಹಾದಿಯನ್ನು ತುಳಿಯುತ್ತ ಬಂದಿರುವ ನನಗೆ ಈ ನೆರೆತನವೇ ಮುಖ್ಯವೆಂದು ತೋರುತ್ತದೆ.

ಕೆರೆಸೀಮೆಯ ರಸ್ತೆಗೆ ಅದರದೇ ಒಂದು ಲಯವಿದೆ. ದಿಣ್ಣೆಯಿಂದ ಇಳಿಯುತ್ತೇವೆ, ಇಳಿದಲ್ಲಿ ಏರಿಯೊಂದು ಸಿಗುತ್ತದೆ, ಏರಿಯ ಮೇಲೆ ಸಮತಟ್ಟಾಗಿ ಸ್ವಲ್ಪ ದೂರ, ಎಡಕ್ಕೆ ನೀರು, ಬಲಕ್ಕೆ ಅಚ್ಚುಕಟ್ಟಿನ ಹಸಿರು, ಕೋಡಿ ದಾಟಿದೊಡನೆ ಮತ್ತೆ ಏರು. ಎಷ್ಟು ಕಣಿವೆಗಳನ್ನು ದಾಟಿದೆವೆಂಬುದನ್ನು ಮೊಣಕಾಲುಗಳು ಲೆಕ್ಕವಿಟ್ಟಿರುತ್ತವೆ. ಐರ್ಲೆಂಡಿನ ಕ್ಯಾವನ್, ಲೀಟ್ರಿಮ್ ಮೊದಲಾದ ಸರೋವರ ಪ್ರದೇಶಗಳಲ್ಲಿಯೂ ಇಂಥದೇ ಏರಿಳಿತದ, ಸದ್ದಿಲ್ಲದ ಹಾದಿಗಳಿವೆ. ಆದರೆ ಅಲ್ಲಿನ ಗುಡ್ಡ, ಸರೋವರಗಳು ಹಿಮಯುಗದ ನೀರ್ಗಲ್ಲು ಕೊರೆದು ಬಿಟ್ಟುಹೋದವು; ರಸ್ತೆ ಅವನ್ನು ಸುತ್ತುಹಾಕಿ ಹೋಗುತ್ತದೆ. ನಮ್ಮ ಕೆರೆಗಳು ಮನುಷ್ಯರು ಕಟ್ಟಿದವು. ರಸ್ತೆ ಅವುಗಳ ಹೆಗಲ ಮೇಲೆಯೇ ಹಾಯುತ್ತದೆ. ಐರ್ಲೆಂಡಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡಬಹುದು. ಗಾಳಿ ತುಂಬಿದ ಸೈಕಲ್ ಟೈರನ್ನು ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಬಳಕೆಗೆ ತಂದದ್ದು 1888ರಲ್ಲಿ. ಬಿ. ಎಲ್. ರೈಸ್ ಶ್ರವಣಬೆಳ್ಗೊಳದ ಶಾಸನಗಳ ಸಂಪುಟವನ್ನು ಪ್ರಕಟಿಸಿದ್ದು 1889ರಲ್ಲಿ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ; ಆದರೂ ಎರಡರ ಋಣವೂ ನನ್ನ ಮೇಲಿದೆ.

ಪಾಂಡವಪುರದ ಸುತ್ತ ವಿಶ್ವೇಶ್ವರಯ್ಯ ನಾಲೆಯ ನೀರು. ಕಬ್ಬು, ಭತ್ತ, ಆಲೆಮನೆಯ ಹೊಗೆ. ನಾಲೆಯನ್ನು ಹಿಂದಿಕ್ಕಿ ಉತ್ತರಕ್ಕೆ ಸರಿದಂತೆ ರಾಗಿ, ಹುರುಳಿ, ತೆಂಗು ಮೊದಲಾಗುತ್ತವೆ. ಸುಗ್ಗಿಯ ದಿನಗಳಲ್ಲಿ ಇಲ್ಲಿನ ಡಾಂಬರು ರಸ್ತೆಯೇ ಕಣ. ರೈತರು ರಾಗಿಯ ತೆನೆಯನ್ನೂ ಹುರುಳಿಯ ಬಳ್ಳಿಯನ್ನೂ ರಸ್ತೆಯುದ್ದಕ್ಕೂ ಹರಡುತ್ತಾರೆ; ಬಸ್ಸು ಲಾರಿಗಳು ಒಕ್ಕಣೆಯ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತವೆ. ಹುರುಳಿಯ ಬಳ್ಳಿ ಸೈಕಲ್ಲಿನ ಚೈನಿಗೆ ಸುತ್ತಿಕೊಂಡರೆ ಬಿಡಿಸುವುದು ಸುಲಭವಲ್ಲ; ಆದುದರಿಂದ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತಲೇ ಸಾಗಬೇಕು. ನಮ್ಮ ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿಯೂ ಅದೇ: ಮುಂದಿನ ನಾಲ್ಕು ಮೊಳ ನೆಲದ ಮೇಲೆ ದೃಷ್ಟಿಯಿಟ್ಟು, ಜೀವಗಳಿಗೆ ನೋವಾಗದಂತೆ ನಡೆಯುವುದು. ಮುನಿಗಳಿಗೆ ವಾಹನವಿಲ್ಲ, ಪಾದವಿಹಾರವೊಂದೇ. ಮಳೆಗಾಲದಲ್ಲಿ ಅದೂ ಇಲ್ಲ, ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಶ್ರಾವಕನಾದ ನನಗೆ ಅಷ್ಟು ಕಟ್ಟುನಿಟ್ಟಿಲ್ಲ. ಆದರೂ ಜುಲೈ ತಿಂಗಳಲ್ಲಿ ಏರಿಯ ರಸ್ತೆಗಳ ಮೇಲೆ ಬಸವನಹುಳುಗಳು ಸಾಲುಗಟ್ಟಿ ದಾಟುವುದನ್ನು ಕಂಡ ಮೇಲೆ ನಾನು ಈ ಹಾದಿಯನ್ನು ಚಳಿಗಾಲಕ್ಕೆ ಮೀಸಲಿಟ್ಟೆ.

ತೊಣ್ಣೂರಿನ ಕೆರೆ ಉಳಿದವುಗಳಂಥದಲ್ಲ. ಎರಡು ಕಲ್ಲುಬೆಟ್ಟಗಳ ನಡುವಿನ ಕಿರಿದಾದ ಸಂದಿಗೆ ಎತ್ತರದ ಗಿಡ್ಡ ಏರಿಯೊಂದನ್ನು ಕಟ್ಟಿ ಹಿಂದಿನ ಕಣಿವೆಯನ್ನೆಲ್ಲ ಜಲಾಶಯವಾಗಿಸಿದ್ದಾರೆ. ಶ್ರೀವೈಷ್ಣವ ಪರಂಪರೆ ಇದನ್ನು ರಾಮಾನುಜಾಚಾರ್ಯರ ಹೆಸರಿಗೆ ಸೇರಿಸಿ ತಿರುಮಲಸಾಗರವೆಂದು ಕರೆಯುತ್ತದೆ. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್ ನೀರಿನ ತಿಳಿಯನ್ನು ಮೆಚ್ಚಿ ಮೋತಿ ತಲಾಬ್ ಎಂದನಂತೆ. ಇಲ್ಲಿಯೇ ರಾಮಾನುಜರು ತೆರೆಯ ಹಿಂದೆ ಆದಿಶೇಷನ ರೂಪದಲ್ಲಿ ಕುಳಿತು, ಸಾವಿರ ಬಾಯಿಗಳಿಂದ ಏಕಕಾಲಕ್ಕೆ ಜೈನ ವಾದಿಗಳಿಗೆ ಉತ್ತರಿಸಿ ಗೆದ್ದರೆಂಬುದು ಆ ಪರಂಪರೆಯ ಕಥೆ. ಅದರ ಬೆನ್ನಿಗೆ ಇನ್ನೊಂದು ಮಾತಿದೆ: ಸೋತವರ ಬಸದಿಗಳನ್ನು ಕೆಡವಿ, ಆ ಕಲ್ಲುಗಳಿಂದ ಈ ಏರಿಯನ್ನು ಕಟ್ಟಲಾಯಿತೆಂದು. ಗೆದ್ದವರ ಕಡೆ ಹೆಮ್ಮೆಯಿಂದಲೂ ನಮ್ಮ ಕಡೆ ನೋವಿನಿಂದಲೂ ಈ ಮಾತು ಉಳಿದುಬಂದಿದೆ. ಚಿಕ್ಕಂದಿನಲ್ಲಿ ಮನೆಯ ಹಿರಿಯರಿಂದ ಇದನ್ನು ಕೇಳಿದವರಲ್ಲಿ ನಾನೂ ಒಬ್ಬ.

ಒಮ್ಮೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ ನೀರು ಕುಡಿಯುತ್ತಿದ್ದಾಗ ಕುರಿ ಕಾಯುತ್ತಿದ್ದ ವೃದ್ಧರೊಬ್ಬರು ಮಾತಿಗೆ ಬಂದರು. ಎಲ್ಲಿಗೆ ಹೋಗುತ್ತೇನೆಂದು ಕೇಳಿದರು, ಬೆಳ್ಗೊಳಕ್ಕೆ ಎಂದೆ. “ಬಸ್ತಿಯೋರಾ ಸ್ವಾಮಿ? ಇದರೊಳಕ್ಕೆ ನಿಮ್ಮ ಬಸ್ತಿ ಕಲ್ಲು ಹಾಕವ್ರಂತೆ” ಎಂದರು. ನಿಜವೇನು ಎಂದು ಕೇಳಿದೆ. “ಕಿತ್ತು ನೋಡಕ್ಕಾದದಾ? ನೀರೆಲ್ಲ ಹೊಂಟೋಯ್ತದೆ ಅಷ್ಟೆಯ” ಎಂದು ನಕ್ಕು ಕುರಿಗಳ ಹಿಂದೆ ಹೋದರು.

ತರಗತಿಯಲ್ಲಿ ಈ ಪ್ರಸಂಗ ಬಂದಾಗ ವಿದ್ಯಾರ್ಥಿಗಳು ಇತ್ತೀಚೆಗೆ ಎರಡು ಗುಂಪಾಗುತ್ತಾರೆ. ಮೊಬೈಲಿನಲ್ಲಿ ಹರಿದಾಡುವ ಬರಹಗಳು ಇಬ್ಬರಿಗೂ ಬೇಕಾದಷ್ಟು ಇಂಧನ ಒದಗಿಸುತ್ತವೆ. ನಾನು ಮೊದಲು ದಿನಾಂಕಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117. ಅದೇ ಕಾಲದಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಗೊಮ್ಮಟನಿಗೆ ಸುತ್ತಾಲಯ ಕಟ್ಟಿಸುತ್ತಾನೆ. 1123ರಲ್ಲಿ ಪಟ್ಟದರಸಿ ಶಾಂತಲೆ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಮಾಡಿಸುತ್ತಾಳೆ. 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥನಿಗೆ ದೊರೆಯೇ ವಿಜಯಪಾರ್ಶ್ವನೆಂಬ ಹೆಸರಿಡುತ್ತಾನೆ. ಬಸದಿಗಳನ್ನು ಸಾಮೂಹಿಕವಾಗಿ ಕೆಡವಿಸಿದ ದೊರೆಯ ಚಿತ್ರ ಈ ಸಾಲಿನೊಳಗೆ ಕೂಡುವುದಿಲ್ಲ. ಹಾಗೆಂದು ಜೈನರಿಗೆ ಏನೂ ಆಗಲಿಲ್ಲವೆಂದು ಹೇಳುವುದೂ ಇತಿಹಾಸವಲ್ಲ. ಏನೋ ಆಗಿತ್ತೆಂಬುದಕ್ಕೆ ಬೆಳ್ಗೊಳದಲ್ಲಿ ಕಲ್ಲಿನ ಸಾಕ್ಷಿಯಿದೆ. ಅದು ಎರಡೂವರೆ ಶತಮಾನಗಳ ನಂತರದ್ದು. ನನ್ನ ಹಾದಿ ಮುಗಿಯುವುದು ಅಲ್ಲಿ.

ಮೇಲುಕೋಟೆಯ ಏರನ್ನು ವರ್ಣಿಸುವುದಿಲ್ಲ. ತುಳಿದವರಿಗೆ ಗೊತ್ತು, ತುಳಿಯದವರಿಗೆ ಉಸಿರಿನ ಮಾತು ಬರಹದಲ್ಲಿ ತಿಳಿಯದು. ಮೊದಲ ದಿನದ ರಾತ್ರಿ ಅಲ್ಲಿ ತಂಗುತ್ತೇನೆ. ಸಂಜೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತರೆ ಪುತಿನ ಹುಟ್ಟಿದ ಊರಿನ ಗಾಳಿ, ಮೇಲೆ ಯೋಗನರಸಿಂಹನ ಬೆಟ್ಟದ ದೀಪ. ಪುಳಿಯೋಗರೆಯನ್ನು ಬಡಿಸಿದವರು ನನ್ನ ಹೆಸರು ಕೇಳಿದೊಡನೆ, ಕತ್ತಲಾಗುವ ಮುನ್ನವೇ ಊಟ ಮುಗಿಸುವಿರಲ್ಲವೇ ಎಂದು ತಾವಾಗಿ ಕೇಳಿ ಎಲೆ ಹಾಕಿದ್ದುಂಟು.

ಮರುದಿನ ನೇರವಾದ ಹಳ್ಳಿಹಾದಿಗಳನ್ನು ಬಿಟ್ಟು, ಜಕ್ಕನಹಳ್ಳಿಯಿಂದ ನಾಗಮಂಗಲಕ್ಕೆ, ಅಲ್ಲಿಂದ ಬಿಂಡಿಗನವಿಲೆಯ ಬದಿಯ ಕಂಬದಹಳ್ಳಿಗೆ ಬಳಸುತ್ತೇನೆ. ಬಳಸುವುದಕ್ಕೆ ಕಂಬದಹಳ್ಳಿಯ ಪಂಚಕೂಟ ಬಸದಿಯೊಂದೇ ಸಾಕಾದ ಕಾರಣ. ಊರಿಗೆ ಹೆಸರು ಕೊಟ್ಟ ಬ್ರಹ್ಮದೇವರ ಕಂಬ ರಸ್ತೆಯಿಂದಲೇ ಕಾಣುತ್ತದೆ. ಗಂಗರ ಕಾಲದ ಆ ಸರಳ ಶಿಲ್ಪದ ಮುಂದೆ ಬಹುಪಾಲು ದಿನಗಳಲ್ಲಿ ಸಂದರ್ಶಕ ನಾನೊಬ್ಬನೇ. ಈ ಭಾಗದಲ್ಲಿಯೇ ದಾನಶಾಸನಗಳ ಎಲ್ಲೆಗಳು ನನಗೆ ಓದಲು ಬರುವಂತಾದವು. ಮೂಡಲು ಇಂಥ ಕೆರೆಯ ಕೋಡಿ, ತೆಂಕಲು ಇಂಥ ಬಂಡೆ, ಪಡುವಲು ಇಂಥ ಮರ, ಬಡಗಲು ಇಂಥ ಹಳ್ಳ ಎಂದು ಸಾಗುವ ಆ ಭಾಗವನ್ನು ವಿದ್ಯಾರ್ಥಿಗಳು ಹಾರಿಸಿಬಿಡುತ್ತಾರೆ. ಅದು ನಡೆದು ನೋಡಿದವನ ಮಾತು. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂಬುದನ್ನು ಕಾಲಿನಿಂದ ಅರಿತವನು ಮಾತ್ರ ಒಂದು ಊರಿನ ಎಲ್ಲೆಯನ್ನು ಹಾಗೆ ಹೇಳಬಲ್ಲ. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತದೆ. ಮೇಲಿನ ಊರಿನವನ ಮತ ಯಾವುದೆಂದು ಕೆಳಗಿನ ಗದ್ದೆ ಕೇಳುವಂತಿಲ್ಲ.

ಗೊಮ್ಮಟನ ಮುಖ ಉತ್ತರಕ್ಕೆ. ಆದುದರಿಂದ ಮೇಲುಕೋಟೆಯ ದಿಕ್ಕಿನಿಂದ ಬರುವವನಿಗೆ ಮೊದಲು ಕಾಣುವುದು ಸುತ್ತಾಲಯದ ಮೇಲೆ ಎದ್ದುನಿಂತ ಅವನ ಬೆನ್ನು. ಬಳಸಿ ಊರೊಳಗೆ ಬಂದರೆ ಎರಡು ಬೆಟ್ಟಗಳ ನಡುವೆ ಕೊಳ, ಊರಿಗೆ ಹೆಸರಾದ ಬೆಳ್ಗೊಳ. ಈಗಿನ ಕಲ್ಯಾಣಿಯ ಕಟ್ಟಡ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು. ಸೈಕಲ್ಲನ್ನು ಒರಗಿಸಿ ನಾನು ಮೊದಲು ಹೋಗುವುದು ಬೆಟ್ಟಕ್ಕಲ್ಲ, ಭಂಡಾರಿ ಬಸದಿಗೆ. ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ ಬಸದಿ ಅದು. ಬುಕ್ಕರಾಯನ 1368ರ ಶಾಸನ ಅಲ್ಲಿದೆ.

ಈ ಶಾಸನವನ್ನು ಸಮನ್ವಯದ ಭಾಷಣಗಳಲ್ಲಿ ಎಷ್ಟು ಬಾರಿ ಉದಾಹರಿಸಲಾಗಿದೆಯೆಂದರೆ ಅದನ್ನು ಓದುವ ಅಗತ್ಯವೇ ಇಲ್ಲವೆಂಬಂತಾಗಿದೆ. ಓದಿದರೆ ಮೊದಲು ಎದುರಾಗುವುದು ರಾಮಾನುಜರ ಸ್ತುತಿ. ಪರಮತವೆಂಬ ಕಡಲಿಗೆ ಅವರನ್ನು ಬಡಬಾಗ್ನಿಯೆನ್ನುವ ಶ್ಲೋಕ, ಬಸದಿಯ ಆವರಣದಲ್ಲಿ! ಆಮೇಲೆ ದೂರು: ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು ಭಕ್ತರಿಂದ ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿದರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಪಂಚಮಹಾವಾದ್ಯ, ಕಲಶಗಳ ಹಕ್ಕು ಹಿಂದಿನಂತೆ ಜೈನರಿಗುಂಟು. ಜೈನರಿಗಾದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ತಿಳಿಯತಕ್ಕದ್ದು. ಜೈನರು ಮನೆಗೊಂದು ಹಣವನ್ನು ವರ್ಷವರ್ಷ ಕೊಡತಕ್ಕದ್ದು. ತಿರುಮಲೆಯ ತಾತಯ್ಯ ಅದರಿಂದ ಬೆಳ್ಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನಿಟ್ಟು, ಮಿಕ್ಕದ್ದರಲ್ಲಿ ಜೀರ್ಣ ಜಿನಾಲಯಗಳನ್ನು ಸರಿಪಡಿಸತಕ್ಕದ್ದು.

ಅನ್ಯಾಯಕ್ಕೆ ಒಳಗಾದವರೇ ತಮ್ಮ ಕಾವಲಿನ ಖರ್ಚನ್ನು ಕೊಟ್ಟರೆಂಬುದನ್ನು ಭಾಷಣಕಾರರು ಹೇಳುವುದಿಲ್ಲ. ಹೇಳಬೇಕು. ಕಾವಲಿನ ಹೊಣೆಯನ್ನು ಎದುರಾಳಿಗಳ ಗುರುವಿಗೇ ಒಪ್ಪಿಸಿದ ಜಾಣತನವನ್ನೂ ಹೇಳಬೇಕು. ಕೈ ಚಾಚಿದ ವೈಷ್ಣವರ ಪಟ್ಟಿಯಲ್ಲಿ ಶ್ರೀರಂಗ, ತಿರುಮಲೆ, ಕಂಚಿಗಳ ಆಚಾರ್ಯರಿದ್ದಾರೆ. ತಿರುಕುಲ, ಜಾಂಬವಕುಲದವರೂ ಇದ್ದಾರೆ. ತಿರುನಾರಾಯಣಪುರದವರೂ, ಎಂದರೆ ಮೇಲುಕೋಟೆಯವರೂ ಇದ್ದಾರೆ. ಅಚ್ಚಿನ ಪುಟದಲ್ಲಿ ಈ ಹೆಸರುಗಳೆಲ್ಲ ಒಂದೇ ತೂಕದವು. ಹಿಂದಿನ ರಾತ್ರಿ ಮೇಲುಕೋಟೆಯಲ್ಲಿ ಮಲಗೆದ್ದು ಬಂದವನಿಗೆ ಹಾಗಲ್ಲ. ಶ್ರೀರಂಗವೂ ತಿರುಮಲೆಯೂ ಕಂಚಿಯೂ ನೂರಾರು ಕಿಲೋಮೀಟರು ದೂರ. ತಿರುನಾರಾಯಣಪುರದಿಂದ ಬೆಳ್ಗೊಳಕ್ಕೆ ನೇರ ಅಂತರ ಸುಮಾರು 30 ಕಿಲೋಮೀಟರು. ಮುಂಜಾನೆ ಹೊರಟ ಗಟ್ಟಿ ಕಾಲಿನವನು ದೀಪ ಹಚ್ಚುವ ಹೊತ್ತಿಗೆ ತಲುಪುವಷ್ಟು. ದೂರದ ಆಚಾರ್ಯರು ಮಾತು ಕೊಟ್ಟು ಹಿಂದಿರುಗಬಹುದಿತ್ತು. ಮೇಲುಕೋಟೆಯವರು ಅದನ್ನು ಅದೇ ಸಂತೆಗಳಲ್ಲಿ, ಅದೇ ಕೆರೆಯ ಏರಿಗಳ ಮೇಲೆ ದಿನನಿತ್ಯ ನಡೆಸಬೇಕಿತ್ತು. ಆದುದರಿಂದ ಈ ಶಾಸನವನ್ನು ನಾನು ಔದಾರ್ಯದ ಪತ್ರವಾಗಿ ಓದುವುದಿಲ್ಲ, ನೆರೆಹೊರೆಯವರ ಕರಾರುಪತ್ರವಾಗಿ ಓದುತ್ತೇನೆ. ಕರಾರಿನಲ್ಲಿ ಪ್ರೀತಿ ಇರಲೇಬೇಕೆಂದಿಲ್ಲ. ಹಣ, ಕಾವಲು, ಸುಣ್ಣಬಣ್ಣದ ಲೆಕ್ಕ ಸ್ಪಷ್ಟವಾಗಿರಬೇಕು.

ಶಾಸನದ ಕೊನೆಗೆ ಇನ್ನೊಂದು ಸೇರ್ಪಡೆಯಿದೆ. ಕಲ್ಲೆಹದ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನವಿಸಿ, ತಿರುಮಲೆಯ ತಾತಯ್ಯನನ್ನು ಬರಮಾಡಿಸಿ, ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಒಪ್ಪಂದವಾದ ಮೇಲೂ ಒಬ್ಬ ಸೆಟ್ಟಿ ಓಡಾಡಬೇಕಾಯಿತು. ಈ ಸೀಮೆಯ ಏರುತಗ್ಗುಗಳಲ್ಲಿ ಅವನು ಎತ್ತಿನ ಗಾಡಿಯಲ್ಲಿ ಬಂದನೋ, ಕುದುರೆಯ ಮೇಲೋ, ನಡೆದೇ ಬಂದನೋ ಎಂದು ಯೋಚಿಸುತ್ತ ಹಿಂದಿರುಗುವಾಗ ಕಿಕ್ಕೇರಿಯ ರಸ್ತೆ ಹಿಡಿಯುತ್ತೇನೆ. ಅದು ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು. ಬ್ರಹ್ಮೇಶ್ವರನ ಗುಡಿಯ ಹಿಂದೆ ದೊಡ್ಡ ಕೆರೆ. ಅಲ್ಲಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಗಾಳಿ ಎದುರಾಗಿರುತ್ತದೆ, ಮೈಸೂರು ಇನ್ನೂ ದೂರವಿರುತ್ತದೆ.